ಮೋಟಾರು ಸೈಕಲ್ಲು, ರಿವಾಲ್ವರು ಮತ್ತು ಕಾಯಿದೆ

ಕಮಲನಗರದ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.

ಈ ತಲೆಬರಹವನ್ನು ಕಂಡು ವಾಚಕರು ಹುಬ್ಬೇರಿಸಿದರೆ ಅದು ಸಹಜವೇ. ನಮ್ಮ ವಾರ್ಷಿಕ ಸಂಚಿಕೆಗೆ ಅಂತಿಮ ವರ್ಗದವರು ಬಸವಣ್ಣನವರನ್ನು ಕುರಿತೋ, ಬೀದರಿನ ಕೋಟೆಯನ್ನು ಕುರಿತೋ, ಹೈದರಾಬಾದು ಸಂಸ್ಥಾನದ ವಿಮೋಚನೆಯನ್ನು ಕುರಿತೋ ಬರೆಯುವುದು ವಾಡಿಕೆ. ನಾನೂ ಮಹಮೂದ ಗವಾನನ ಮದರಸೆಯ ಮೇಲೆ ಬರೆಯಬೇಕೆಂದು ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ಆದರೆ 2025ರ ಫೆಬ್ರುವರಿಯ ಒಂದು ಮಧ್ಯಾಹ್ನ ಪರರ ರಿವಾಲ್ವರೊಂದನ್ನು ತೊಡೆಯ ಮೇಲಿಟ್ಟುಕೊಂಡು ನಲವತ್ತು ನಿಮಿಷ ಕುಳಿತ ಪ್ರಸಂಗ ನನಗೆ ಒದಗಿತು. ಆ ನಲವತ್ತು ನಿಮಿಷಗಳಲ್ಲಿ ನಾನು ಕಾಯಿದೆಯ ಕಣ್ಣಿಗೆ ಏನಾಗಿದ್ದೆ? ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದದ್ದರ ಫಲವೇ ಈ ಲೇಖನ. ನಾನು ವಕೀಲನಲ್ಲ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ಕಾಯಿದೆಯ ಪುಸ್ತಕವನ್ನು ಓದಿ ನನಗೆ ತಿಳಿದಷ್ಟನ್ನು ಬರೆದಿದ್ದೇನೆ. ತಪ್ಪಿದ್ದಲ್ಲಿ ಗುರುಗಳು ತಿದ್ದಬೇಕು.

ಮೊದಲು ಪ್ರಸಂಗವನ್ನೇ ಹೇಳಿಬಿಡುತ್ತೇನೆ.

ನನ್ನ ತಂದೆ ನಮ್ಮೂರಿನ ಅಡತಿ ಅಂಗಡಿಯೊಂದರಲ್ಲಿ ಹಮಾಲರು. ತೊಗರಿ, ಉದ್ದು, ಸೋಯಾ, ಕಾಲಕ್ಕೆ ತಕ್ಕಂತೆ ಬರುವ ಚೀಲಗಳನ್ನು ಹೊತ್ತೇ ಅವರು ನನ್ನನ್ನು ಕಾಲೇಜಿಗೆ ಕಳಿಸಿದ್ದಾರೆ. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದವನು ನಾನೇ ಮೊದಲಿಗ. ರಜೆಯ ದಿನಗಳಲ್ಲಿ ಅಂಗಡಿಯ ಸಾಹುಕಾರರ ಮೋಟಾರು ಸೈಕಲ್ಲನ್ನು ನಡೆಸುವುದು ನನ್ನ ಕೆಲಸ. ಅವರಿಗೆ ಅರವತ್ತು ದಾಟಿದೆ, ಮೊಣಕಾಲು ನೋವು. ಗಾಡಿ ನಾನು ಹೊಡೆಯುತ್ತೇನೆ, ಅವರು ಹಿಂದೆ ಕೂಡುತ್ತಾರೆ. ಪುಸ್ತಕಗಳ ಖರ್ಚು ಇದರಿಂದಲೇ ಸಾಗುತ್ತದೆ.

ಸಾಹುಕಾರರ ಬಳಿ ರಿವಾಲ್ವರಿನ ಪರವಾನಗಿ ಹಿಂದಿನಿಂದಲೇ ಇತ್ತು. ರಿವಾಲ್ವರು ಮಾತ್ರ ತಿಜೋರಿಯಲ್ಲಿ ಇರುತ್ತಿತ್ತು, ಖಂಡೇಪೂಜೆಯ ದಿನ ಹೊರಬಂದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಅದು ರಸ್ತೆಗೆ ಇಳಿದದ್ದು 2025ರ ಜನವರಿ 16ರ ನಂತರ. ಆ ದಿನ ಬೀದರ ಪಟ್ಟಣದ ನಡುವೆ, ಜಿಲ್ಲಾಧಿಕಾರಿಗಳ ಕಚೇರಿಗೆ ಸಮೀಪದಲ್ಲಿಯೇ, ಹಾಡುಹಗಲಿನಲ್ಲಿ ಮೋಟಾರು ಸೈಕಲ್ಲಿನ ಮೇಲೆ ಬಂದ ಇಬ್ಬರು ಎ.ಟಿ.ಎಂ.ಗೆ ತುಂಬಲು ತಂದಿದ್ದ ಹಣದ ಪೆಟ್ಟಿಗೆಯನ್ನು ಗುಂಡು ಹಾರಿಸಿ ದೋಚಿಕೊಂಡು ಹೋದರು. ಹಣ ತಂದ ನೌಕರರಲ್ಲಿ ಒಬ್ಬರು ಪ್ರಾಣ ಬಿಟ್ಟರು, ಇನ್ನೊಬ್ಬರು ಗಾಯಗೊಂಡರು. ಕೊಲೆಗಾರರು ಅದೇ ಗಾಡಿಯ ಮೇಲೆ ಪೆಟ್ಟಿಗೆಯಿಟ್ಟುಕೊಂಡು ಪಾರಾದ ದೃಶ್ಯವನ್ನು ನಮ್ಮ ಜಿಲ್ಲೆಯಲ್ಲಿ ನೋಡದವರಿಲ್ಲ. ತೊಗರಿಯ ಸುಗ್ಗಿಯ ಕಾಲ, ಅಂಗಡಿಯಲ್ಲಿ ರೊಕ್ಕದ ಓಡಾಟ. ಸಾಹುಕಾರರಿಗೆ ನಿದ್ರೆ ಹತ್ತಲಿಲ್ಲ. ಮರುವಾರದಿಂದ ರೊಕ್ಕದ ಚೀಲದಲ್ಲಿ ರಿವಾಲ್ವರೂ ಸೇರಿತು.

ಫೆಬ್ರುವರಿಯಲ್ಲಿ ಒಂದು ದಿನ ಉದಗೀರದ ಕಡೆಗೆ ಹೋದೆವು. ನಮ್ಮೂರಿನವರಿಗೆ ಉದಗೀರವೆಂದರೆ ಪರನಾಡೆಂಬ ಭಾವನೆಯೇ ಇಲ್ಲ. ಬೀಗರು ಅಲ್ಲಿ, ಬಟ್ಟೆಯ ಪೇಟೆ ಅಲ್ಲಿ, ದವಾಖಾನೆ ಅಲ್ಲಿ. ವಿಕಾರಾಬಾದಿನಿಂದ ಪರಳಿಗೆ ಹೋಗುವ ರೈಲು ಭಾಲ್ಕಿ, ಕಮಲನಗರ, ಉದಗೀರ ಎಂದು ಒಂದೇ ಉಸಿರಿನಲ್ಲಿ ಸಾಗುತ್ತದೆ. ಗಡಿ ದಾಟಿದ ಮೇಲೆ ಒಬ್ಬ ವ್ಯಾಪಾರಿಯ ಗೋದಾಮಿನ ಮುಂದೆ ಗಾಡಿ ನಿಲ್ಲಿಸಿದೆ. ಸಾಹುಕಾರರು ರೊಕ್ಕದ ಕಟ್ಟನ್ನು ಮಾತ್ರ ತೆಗೆದುಕೊಂಡು ಚೀಲವನ್ನು ನನ್ನ ಕೈಗೆ ಕೊಟ್ಟು, "ಇದು ಹಿಡ್ಕೊಂಡಿರು ತಮ್ಮಾ, ಪರರ ಮನ್ಯಾಗ ಇದನ್ನ ಒಯ್ಯೋದು ಚೆಂದ ಕಾಣಂಗಿಲ್ಲ" ಎಂದು ಒಳಗೆ ಹೋದರು.

ಎದುರಿನ ಚಹದ ಅಂಗಡಿಯ ಬಾಕಿನ ಮೇಲೆ ಕುಳಿತೆ. ಚೀಲದ ಭಾರ ತೊಡೆಗೆ ತಿಳಿಯುತ್ತಿತ್ತು. ಪಕ್ಕದ ಜೇಬಿನಲ್ಲಿ ಪರವಾನಗಿಯ ಪುಸ್ತಕವಿತ್ತು. ಬೇಸರ ಕಳೆಯಲು ಅದನ್ನು ತೆಗೆದು ಓದತೊಡಗಿದೆ. ಇಂಗ್ಲಿಷಿನಲ್ಲಿದ್ದ ಸರಕಾರಿ ಕಾಗದವೊಂದನ್ನು ಮೊದಲಿನಿಂದ ಕೊನೆಯವರೆಗೆ ನಾನು ಓದಿದ್ದು ಅದೇ ಮೊದಲು. ಹೆಸರು, ಭಾವಚಿತ್ರ, ಆಯುಧದ ನಂಬರು, ಗುಂಡುಗಳ ಸಂಖ್ಯೆ. ಆಮೇಲೆ ಪರವಾನಗಿ ಊರ್ಜಿತವಾಗುವ ಪ್ರದೇಶ ಎಂಬ ಅಂಕಣ. ಅಲ್ಲಿ ಬರೆದದ್ದು: ಕರ್ನಾಟಕ ರಾಜ್ಯ. ನಾನು ಕುಳಿತಿದ್ದುದು ಮಹಾರಾಷ್ಟ್ರದಲ್ಲಿ.

ಆಗಲೇ ಒಂದು ಪೊಲೀಸು ಜೀಪು ಬಂದು ಚಹಕ್ಕೆಂದು ನಿಂತಿತು. ಇಳಿದ ಇಬ್ಬರಲ್ಲಿ ಒಬ್ಬರು ನನ್ನ ಪಕ್ಕದಲ್ಲಿಯೇ ಕುಳಿತು ಮರಾಠಿಯಲ್ಲಿ "ಕುಠಲಾ ರೇ?" ಎಂದರು. "ಕಮಲನಗರ" ಎಂದೆ. "ಏನು ಓದುತ್ತೀ?" ಎಂದರು. "ಬಿ.ಎ." ಎಂದೆ. ಚೆನ್ನಾಗಿ ಓದು ಎಂದು ಹೇಳಿ, ಚಹ ಕುಡಿದು, ಲೋಟ ಇಟ್ಟು ಹೊರಟುಹೋದರು. ಅಷ್ಟೇ. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಓದು ಮುಗಿದ ಮೇಲೆ ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಕೂಡಬೇಕೆಂಬುದೇ ನನ್ನ ಮತ್ತು ನನ್ನ ತಂದೆಯವರ ಇಡೀ ಲೆಕ್ಕಾಚಾರ. ನೌಕರಿಗೆ ಮುಂಚೆ ಪೊಲೀಸು ತಪಾಸಣೆ ಇರುತ್ತದೆಂಬುದನ್ನು ನಾನು ಬಲ್ಲೆ.

ಇರಲಿ. ಇನ್ನು ಅಭ್ಯಾಸದ ಮಾತಿಗೆ ಬರುತ್ತೇನೆ.

ಆಯುಧ ಹೊಂದುವುದು ನಮ್ಮಲ್ಲಿ ಹಕ್ಕೋ ಅಪ್ಪಣೆಯೋ? ಇದು ಮೊದಲು ತಿಳಿಯಬೇಕಾದ ವಿಷಯ. ಬ್ರಿಟಿಷರು 1878ರಲ್ಲಿ ಮಾಡಿದ ಆಯುಧ ಕಾಯಿದೆಯು ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ರಿಯಾಯಿತಿ ಕೊಟ್ಟಿತು. ಈ ಅವಮಾನವನ್ನು ನಮ್ಮ ನಾಯಕರು ಮರೆಯಲಿಲ್ಲ. 1931ರ ಕರಾಚಿ ಕಾಂಗ್ರೆಸ್ಸು ಒಪ್ಪಿದ ಮೂಲಭೂತ ಹಕ್ಕುಗಳ ಗೊತ್ತುವಳಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಧರಿಸುವ ಹಕ್ಕೂ ಒಂದಾಗಿ ಸೇರಿತ್ತು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಆ ಮಾತನ್ನು ನೆನಪಿಸಿ ತಿದ್ದುಪಡಿ ಮಂಡಿಸಿದವರು ಎಚ್.ವಿ. ಕಾಮತರು, ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಎಲ್ಲರಿಗೂ ಹಕ್ಕೆಂದು ಬರೆದುಬಿಟ್ಟರೆ ಕಳ್ಳಕಾಕರಿಗೂ ಅದು ಸಲ್ಲುತ್ತದಲ್ಲವೇ ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು.

ಈ ಚರ್ಚೆ ನಡೆದಾಗ ನಮ್ಮ ಬೀದರ ಜಿಲ್ಲೆಯು ರಜಾಕಾರರ ಹಾವಳಿಯಿಂದ ಪಾರಾಗಿ ಮೂರು ತಿಂಗಳು ಸಹ ಆಗಿರಲಿಲ್ಲ. ಪೊಲೀಸು ಕಾರ್ಯಾಚರಣೆ ನಡೆದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಬಂದೂಕು ಯಾರ ಕೈಯಲ್ಲಿದ್ದರೆ ಏನಾಗುತ್ತದೆಂಬುದನ್ನು ಪುಸ್ತಕದಿಂದ ತಿಳಿಯಬೇಕಾದ ಅಗತ್ಯ ಆಗಿನ ನಮ್ಮವರಿಗೆ ಇರಲಿಲ್ಲ. ನಿರಾಯುಧರಾದವರಿಗೆ ಬಂದೂಕು ಬೇಕೆನಿಸಿದ್ದೂ ಸತ್ಯ, ಬಂದೂಕಿದ್ದವರ ಅಟ್ಟಹಾಸ ಕಂಡು ಅದರ ಹೆಸರೇ ಬೇಡವೆನಿಸಿದ್ದೂ ಸತ್ಯ. ಕಾಮತರು ಮತ್ತು ಅಂಬೇಡ್ಕರರು ಇಬ್ಬರ ಮಾತೂ ನಮ್ಮ ಜಿಲ್ಲೆಯ ಅನುಭವದಲ್ಲಿ ಇತ್ತೆಂದು ನನಗೆ ತೋರುತ್ತದೆ.

ಪರಿಣಾಮವಾಗಿ ನಮ್ಮ ಸಂವಿಧಾನದ 19ನೆಯ ಅನುಚ್ಛೇದವು ಸಭೆ ಸೇರುವ ಹಕ್ಕನ್ನು ಕೊಡುವಾಗಲೂ ಶಾಂತವಾಗಿ ಮತ್ತು ನಿರಾಯುಧರಾಗಿ ಎಂಬ ಕಟ್ಟು ಹಾಕಿದೆ. ಒಂದೇ ಅಪವಾದ 25ನೆಯ ಅನುಚ್ಛೇದದಲ್ಲಿದೆ. ಸಿಖ್ಖರು ಕಿರ್ಪಾಣ ಧರಿಸುವುದು ಅವರ ಧರ್ಮದ ಅಂಗವೆಂದು ಅಲ್ಲಿ ಸ್ಪಷ್ಟಪಡಿಸಲಾಗಿದೆ. ಬೀದರಿನ ನಾನಕ ಝೀರಾಕ್ಕೆ ಹೋದವರೆಲ್ಲ ಇದನ್ನು ಕಣ್ಣಾರೆ ಕಂಡಿದ್ದಾರೆ. ಅಮೆರಿಕದ ರೀತಿಯೇ ಬೇರೆ. ಅಲ್ಲಿ 1791ರ ಎರಡನೆಯ ತಿದ್ದುಪಡಿಯಿಂದ ಆಯುಧವು ಹಕ್ಕಾಯಿತು, 2022ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಮನೆಯ ಹೊರಗೆ ಕೈಬಂದೂಕು ಒಯ್ಯುವುದೂ ಆ ಹಕ್ಕಿನಲ್ಲಿ ಸೇರಿದೆಯೆಂದು ತೀರ್ಪಿತ್ತಿತು. ಅಲ್ಲಿಯ ಸವಾರನು ಹಕ್ಕಿನಿಂದ ಹೊರಡುತ್ತಾನೆ, ನಮ್ಮ ಸವಾರನು ಅಪ್ಪಣೆಯಿಂದ ಹೊರಡುತ್ತಾನೆ. ಅಪ್ಪಣೆಯೆಂದ ಮೇಲೆ ಅದಕ್ಕೆ ಷರತ್ತು ಇದ್ದೇ ಇರುತ್ತದೆ.

ಈಗ ನಡೆಯುತ್ತಿರುವುದು 1959ರ ಆಯುಧ ಕಾಯಿದೆ. ಅದರ 3ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು, ಪಿಸ್ತೂಲು, ರಿವಾಲ್ವರುಗಳನ್ನು ಪಡೆಯಲೂ ಕೂಡದು, ಇಟ್ಟುಕೊಳ್ಳಲೂ ಕೂಡದು, ಒಯ್ಯಲೂ ಕೂಡದು. ಪರವಾನಗಿ ಕೊಡುವವರು ನಮ್ಮಂಥ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಜಿಲ್ಲಾಧಿಕಾರಿಗಳೇ. ಹತ್ತಿರದ ಪೊಲೀಸು ಠಾಣೆಯಿಂದ ವರದಿ ತರಿಸಿಕೊಂಡೇ ಅವರು ತೀರ್ಮಾನಿಸಬೇಕು. ಇಪ್ಪತ್ತೊಂದು ವರ್ಷ ತುಂಬದವರಿಗೆ ಕೊಡುವಂತಿಲ್ಲ. ನನಗೆ ಇನ್ನೂ ತುಂಬಿಲ್ಲ. ನಮ್ಮ ಎನ್.ಸಿ.ಸಿ. ಗೆಳೆಯರು ಶಿಬಿರದಲ್ಲಿ ರೈಫಲು ಹಿಡಿಯುತ್ತಾರಲ್ಲ ಎಂದು ಕೇಳಬಹುದು. ಕರ್ತವ್ಯದ ಮೇಲಿರುವ ಎನ್.ಸಿ.ಸಿ.ಯವರನ್ನು ಕಾಯಿದೆಯೇ ಹೊರಗಿಟ್ಟಿದೆ. ಎಲ್ಲ ಕೈಬಂದೂಕುಗಳಿಗೂ ನಾಗರಿಕರಿಗೆ ಪರವಾನಗಿ ಸಿಕ್ಕುವುದಿಲ್ಲ. ಸೈನ್ಯ ಮತ್ತು ಪೊಲೀಸರು ಬಳಸುವ 9 ಮಿಲಿಮೀಟರಿನಂಥ ಅಳತೆಗಳು ಸಾಮಾನ್ಯರಿಗೆ ನಿಷಿದ್ಧ. ಆದುದರಿಂದಲೇ ವ್ಯಾಪಾರಿಗಳ ಬಳಿ ಹೆಚ್ಚಾಗಿ ಕಾಣುವುದು ಕಾನಪುರದ ಸರಕಾರಿ ಕಾರ್ಖಾನೆಯ .32 ಅಳತೆಯ ರಿವಾಲ್ವರು.

ಓದುತ್ತ ಹೋದಾಗ 14ನೆಯ ಕಲಮಿನಲ್ಲಿ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿಯನ್ನು ನಿರಾಕರಿಸಕೂಡದು ಎಂದು ಅಲ್ಲಿದೆ. ಕಾಗದದ ಮೇಲೆ ಸಾಹುಕಾರರೂ ನನ್ನ ತಂದೆಯವರೂ ಒಂದೇ. ಲಕ್ಷ ರೂಪಾಯಿಗೂ ಮೀರುವ ರಿವಾಲ್ವರನ್ನು ಹಮಾಲನೊಬ್ಬನು ಎಲ್ಲಿಂದ ಕೊಂಡಾನೆಂಬುದು ಬೇರೆ ಮಾತು. ಆದರೂ ಆ ವಾಕ್ಯವನ್ನು ಬರೆದವರ ಮನಸ್ಸನ್ನು ನಾನು ಮೆಚ್ಚಿದೆ.

2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವುದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಬಂದವು. ಪರವಾನಗಿಯಿಲ್ಲದೆ ಬಂದೂಕು ಒಯ್ಯುವವನಿಗೆ ಹಿಂದೆ ಒಂದರಿಂದ ಮೂರು ವರ್ಷವಿದ್ದ ಶಿಕ್ಷೆ ಈಗ ಎರಡರಿಂದ ಐದು ವರ್ಷ. ಈ ಕೊನೆಯ ವಾಕ್ಯವನ್ನು ನಾನು ಎರಡು ಸಲ ಓದಿದೆ.

ಹೇಗೆ ಒಯ್ಯಬೇಕೆಂಬುದನ್ನು 2016ರ ಆಯುಧ ನಿಯಮಗಳು ಹೇಳುತ್ತವೆ. ನಮ್ಮ ವಿಷಯದ ತಿರುಳು ಇರುವುದು ಇಲ್ಲಿಯೇ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒಯ್ಯುವವನು ಅದಕ್ಕೆಂದೇ ಮಾಡಿದ ಒರೆಯಲ್ಲಿಟ್ಟು ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೆ ಬೆನ್ನುಚೀಲದಂಥ ಚೀಲದಲ್ಲಿ ಇಟ್ಟುಕೊಂಡಿರಬೇಕು. ಆಯುಧವು ಪೂರ್ತಿಯಾಗಿ ಮುಚ್ಚಿರಬೇಕು. ಒಯ್ಯುವವನಿಗೆ ಅದರ ಮೇಲೆ ಪರಿಣಾಮಕಾರಿಯಾದ ಹತೋಟಿ ಇರಬೇಕು. ಬಹಿರಂಗವಾಗಿ ತೋರಿಸುವುದು, ಝಳಪಿಸುವುದು ಸಲ್ಲದು.

ಈ ಮಾತುಗಳನ್ನು ಬರೆದವರ ಕಣ್ಣ ಮುಂದೆ ಬಹುಶಃ ನಡೆದುಹೋಗುವ ಮನುಷ್ಯನಿದ್ದ. ಮೋಟಾರು ಸೈಕಲ್ಲಿನ ಮೇಲೆ ಕುಳಿತವನಿಗೆ ಒಂದೊಂದು ಮಾತೂ ಒಂದೊಂದು ಸಮಸ್ಯೆಯಾಗುತ್ತದೆ. ಸೊಂಟದ ಒರೆಯ ಮೇಲೆ ಅಂಗಿಯನ್ನು ಇಳಿಬಿಟ್ಟರೆ ನಿಂತಾಗ ಆಯುಧ ಮುಚ್ಚಿರುತ್ತದೆ. ಗಾಡಿ ಐವತ್ತರ ವೇಗಕ್ಕೆ ಬಂದೊಡನೆ ಗಾಳಿಗೆ ಅಂಗಿ ಪಟಪಟನೆ ಹಾರಿ ಹಿಂದೆ ಬರುವವರಿಗೆಲ್ಲ ರಿವಾಲ್ವರಿನ ದರ್ಶನವಾಗುತ್ತದೆ. ಆದುದರಿಂದ ಗುಂಡಿ ಹಾಕಿದ ಕೋಟೋ ಜಾಕೀಟೋ ಬೇಕು; ಬೀದರಿನ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ತೊಡುವ ಸವಾರನಿಗೆ ನನ್ನ ನಮಸ್ಕಾರ. ಪೆಟ್ರೋಲು ಟಾಕಿಯ ಮೇಲಿನ ಚೀಲದಲ್ಲಿಯೋ ಪಕ್ಕದ ಪೆಟ್ಟಿಗೆಯಲ್ಲಿಯೋ ಇಡುವವರಿದ್ದಾರೆ. ಮುಚ್ಚಿದ್ದೇನೋ ಆಯಿತು, ಆದರೆ ಚಹಕ್ಕೆಂದು ಇಳಿದು ಹತ್ತು ಹೆಜ್ಜೆ ಹೋದರೆ ಹತೋಟಿ ಎಲ್ಲಿ ಉಳಿಯಿತು? ಗಾಡಿಯೇ ಕಳವಾದರೆ ರಿವಾಲ್ವರೂ ಹೋಯಿತು. ಕಳವು ಅಥವಾ ನಷ್ಟವನ್ನು ಕೂಡಲೇ ಸಮೀಪದ ಠಾಣೆಗೆ ತಿಳಿಸಬೇಕೆಂಬುದೂ ಪರವಾನಗಿಯ ಷರತ್ತುಗಳಲ್ಲಿ ಒಂದು.

ಇನ್ನು ಬೀಳುವ ಮಾತು. ಮೋಟಾರು ಸೈಕಲ್ಲಿನಿಂದ ಒಮ್ಮೆಯೂ ಬೀಳದವರು ನಮ್ಮ ರಸ್ತೆಗಳಲ್ಲಿ ವಿರಳ. ಬಿದ್ದವನ ಸೊಂಟದ ಮೂಳೆಗೂ ನೆಲಕ್ಕೂ ನಡುವೆ ಮುಕ್ಕಾಲು ಸೇರಿಗೆ ಹತ್ತಿರದ ಉಕ್ಕಿನ ತುಂಡು ಇದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಬೆನ್ನಿನ ಮಧ್ಯದಲ್ಲಿ ಸಿಕ್ಕಿಸಿಕೊಂಡವನ ಬೆನ್ನೆಲುಬಿಗೆ ಅದು ಇನ್ನೂ ಕೆಟ್ಟದ್ದು. ಹಳೆಯ ಮಾದರಿಯ ಕೆಲವು ರಿವಾಲ್ವರುಗಳಲ್ಲಿ ಹೊಡೆಯುವ ಸಣ್ಣ ಸುತ್ತಿಗೆಯು ಗುಂಡಿನ ಬೆನ್ನಿಗೆ ತಾಗಿಕೊಂಡೇ ಇರುತ್ತಿತ್ತು. ಸುತ್ತಿಗೆಯ ಮೇಲೆ ಪೆಟ್ಟು ಬಿದ್ದರೆ ಕುದುರೆಯನ್ನು ಎಳೆಯದೆಯೇ ಗುಂಡು ಹಾರುವ ಭಯವಿತ್ತು. ಅಮೆರಿಕದ ಕುದುರೆ ಸವಾರರು ಆರು ಗುಂಡಿನ ರಿವಾಲ್ವರಿನಲ್ಲಿ ಐದನ್ನೇ ತುಂಬಿ, ಸುತ್ತಿಗೆಯ ಕೆಳಗಿನ ಮನೆಯನ್ನು ಬರಿದಾಗಿ ಬಿಡುತ್ತಿದ್ದುದು ಇದಕ್ಕಾಗಿಯೇ. ಈಗಿನ ರಿವಾಲ್ವರುಗಳಲ್ಲಿ ಇದಕ್ಕೆ ಒಳಗಡೆಯೇ ತಡೆಯಿರುತ್ತದೆ. ಆದರೂ ಸಡಿಲವಾದ ಚೀಲದಲ್ಲಿ ಬೀಗದ ಕೈಗಳು, ಪೆನ್ನುಗಳು, ಚಿಲ್ಲರೆ ನಾಣ್ಯಗಳ ಜೊತೆ ರಿವಾಲ್ವರನ್ನು ಹಾಕಿ ಗುಂಡಿ ಬಿದ್ದ ರಸ್ತೆಯ ಮೇಲೆ ಹೋಗುವುದು ಬುದ್ಧಿವಂತಿಕೆಯಲ್ಲ. ಒರೆಯೆಂಬುದು ಕುದುರೆಯನ್ನು ಮುಚ್ಚುವುದಕ್ಕಾಗಿಯೇ ಇರುವುದು. ನಮ್ಮ ಸಾಹುಕಾರರ ಚೀಲದಲ್ಲಿ ರಿವಾಲ್ವರು ಒಂದು ಟವೆಲಿನಲ್ಲಿ ಸುತ್ತಿಕೊಂಡಿತ್ತು, ಅದರ ಪಕ್ಕದಲ್ಲಿ ತಕ್ಕಡಿಯ ಕೊಂಡಿಯೊಂದಿತ್ತು.

ಇಷ್ಟೆಲ್ಲ ಜೋಪಾನ ಮಾಡಿದ ಮೇಲೂ ಉಳಿಯುವ ಸಂದೇಹವೊಂದಿದೆ. ಗಾಡಿ ನಡೆಸುವವನ ಎರಡು ಕೈಗಳೂ ಹಿಡಿಕೆಯ ಮೇಲೆ. ಬಲಗೈ ಬಿಟ್ಟರೆ ವೇಗವೂ ಇಲ್ಲ, ಮುಂದಿನ ಬ್ರೇಕೂ ಇಲ್ಲ. ತಲೆಯ ಮೇಲೆ ಶಿರಸ್ತ್ರಾಣ, ಮೈಮೇಲೆ ಗುಂಡಿ ಹಾಕಿದ ಕೋಟು, ಅದರ ಕೆಳಗೆ ಪಟ್ಟಿ ಬಿಗಿದ ಒರೆ. ಕಾಯಿದೆಯಂತೆ ನಡೆದುಕೊಂಡ ಸವಾರನಿಗೆ ತಾನೆ ಆಯುಧವನ್ನು ಹೊರತೆಗೆಯುವ ಹೊತ್ತಿಗೆ ದರೋಡೆಕಾರನು ಭಾಲ್ಕಿ ದಾಟಿರುತ್ತಾನೆ. ಬೀದರಿನಲ್ಲಿ ಬಂದ ಆ ಇಬ್ಬರಿಗೆ ಒರೆಯ ನಿಯಮವೂ ಇರಲಿಲ್ಲ, ಪ್ರದೇಶದ ಅಂಕಣವೂ ಇರಲಿಲ್ಲ. ಇದನ್ನು ಮುಂದೊಡ್ಡಿ ನಿಯಮವನ್ನೇ ಹಳಿಯುವವರಿದ್ದಾರೆ. ನಾನು ಹಳಿಯಲಾರೆ; ನಿಯಮವಿರುವುದು ಆ ಇಬ್ಬರಿಗಾಗಿಯಲ್ಲ, ಅದೇ ರಸ್ತೆಯ ಮೇಲಿರುವ ಉಳಿದವರಿಗಾಗಿ. ಆದರೆ ಮೋಟಾರು ಸೈಕಲ್ಲಿನ ಮೇಲೆ ರಿವಾಲ್ವರು ರೊಕ್ಕವನ್ನು ಕಾಯುತ್ತದೆಂಬ ಸಾಹುಕಾರರ ನಂಬಿಕೆಯನ್ನು ಸಹ ನಾನು ಒಪ್ಪಲಾರೆ.

ಪ್ರದೇಶದ ಪ್ರಶ್ನೆ ನಮ್ಮಂಥ ಗಡಿಯ ಊರಿನವರಿಗೆ ಎಲ್ಲಕ್ಕಿಂತ ದೊಡ್ಡದು. ಪರವಾನಗಿಯು ಜಿಲ್ಲೆಗೆ ಮಾತ್ರ ಇರಬಹುದು, ರಾಜ್ಯಕ್ಕೆಲ್ಲ ಇರಬಹುದು, ವಿಶೇಷ ಸಂದರ್ಭದಲ್ಲಿ ಅದರಾಚೆಗೂ ಇರಬಹುದು. ಅಂಕಣದಲ್ಲಿ ಬರೆದದ್ದೇ ಪ್ರಮಾಣ. ತುಮಕೂರಿನ ವ್ಯಾಪಾರಿಗೆ ರಾಜ್ಯದ ಪರವಾನಗಿ ಎಂದರೆ ಇಡೀ ದಿನ ಗಾಡಿ ಹೊಡೆದರೂ ಮುಗಿಯದ ನೆಲ. ಕಮಲನಗರದವನಿಗೆ ಒಂದು ದಿಕ್ಕಿನಲ್ಲಿ ಅದೇ ವಿಸ್ತಾರ, ಇನ್ನೊಂದು ದಿಕ್ಕಿನಲ್ಲಿ ಊರು ಬಿಟ್ಟು ಸ್ವಲ್ಪ ಹೊತ್ತಿಗೆಲ್ಲ ಪರವಾನಗಿ ಮುಗಿದುಹೋಗುತ್ತದೆ. ರಸ್ತೆಯ ಬದಿಯ ಫಲಕದಲ್ಲಿ ಕನ್ನಡ ಹೋಗಿ ಮರಾಠಿ ಬಂದದ್ದಷ್ಟೇ ಗುರುತು. ಹೊಲದಲ್ಲಿ ಅದೇ ತೊಗರಿ, ಅದೇ ಎರೆ ಮಣ್ಣು. ಬೈಕಿನ ಕಾಗದಗಳು ಎರಡೂ ಕಡೆ ನಡೆಯುತ್ತವೆ, ಸವಾರನ ಲೈಸೆನ್ಸು ನಡೆಯುತ್ತದೆ, ಚೀಲದೊಳಗಿನ ಆ ಪುಸ್ತಕ ಮಾತ್ರ ನಡೆಯುವುದಿಲ್ಲ. ಷರತ್ತು ಮುರಿದವನ ಪರವಾನಗಿಯನ್ನು ಅಮಾನತು ಮಾಡುವ, ರದ್ದುಗೊಳಿಸುವ ಅಧಿಕಾರ 17ನೆಯ ಕಲಮಿನಲ್ಲಿದೆ.

ಈಗ ನನ್ನ ಸ್ವಂತ ಪ್ರಶ್ನೆಗೆ ಬರುತ್ತೇನೆ. ಪರವಾನಗಿಯಿಲ್ಲದವನು ಪರರ ರಿವಾಲ್ವರು ಹಿಡಿಯಬಹುದೇ? 3ನೆಯ ಕಲಮಿಗೆ ಒಂದು ಪುರವಣಿ ವಾಕ್ಯವಿದೆ. ಪರವಾನಗಿದಾರನ ಸಮಕ್ಷಮದಲ್ಲಿ ಅಥವಾ ಅವನ ಲಿಖಿತ ಅಧಿಕಾರ ಪತ್ರದೊಂದಿಗೆ, ರಿಪೇರಿಗಾಗಿ, ಪರವಾನಗಿಯ ನವೀಕರಣಕ್ಕಾಗಿ ಅಥವಾ ಪರವಾನಗಿದಾರನ ಉಪಯೋಗಕ್ಕಾಗಿ ಇನ್ನೊಬ್ಬನು ಆಯುಧವನ್ನು ಒಯ್ಯಬಹುದು. ಹಾಗಾದರೆ ಗಾಡಿಯ ಮೇಲೆ ಸಾಹುಕಾರರು ನನ್ನ ಬೆನ್ನ ಹಿಂದೆಯೇ ಕುಳಿತಿದ್ದಷ್ಟು ಹೊತ್ತು, ಕರ್ನಾಟಕದ ನೆಲದ ಮೇಲೆ, ಚೀಲ ಯಾರ ಹೆಗಲಲ್ಲಿದ್ದರೂ ಕಾಯಿದೆಗೆ ಹೆಚ್ಚಿನ ತಕರಾರಿಲ್ಲವೆಂದು ನಾನು ತಿಳಿಯುತ್ತೇನೆ. ಅವರು ಗೋದಾಮಿನ ಹೊಸ್ತಿಲು ದಾಟಿದ ಕ್ಷಣ ಆ ಸಮಕ್ಷಮ ಮುಗಿಯಿತು. ಲಿಖಿತ ಪತ್ರವಂತೂ ಇರಲಿಲ್ಲ. ಬಾಕಿನ ಮೇಲೆ ಕುಳಿತಿದ್ದುದು ಪರವಾನಗಿಯಿಲ್ಲದ, ವಯಸ್ಸು ತುಂಬದ, ಪರವಾನಗಿ ನಡೆಯದ ರಾಜ್ಯದಲ್ಲಿದ್ದ, ಚೀಲದಲ್ಲಿ ಗುಂಡು ತುಂಬಿದ ರಿವಾಲ್ವರಿದ್ದ ಒಬ್ಬ ಬಿ.ಎ. ವಿದ್ಯಾರ್ಥಿ. ನಮ್ಮ ರಾಜ್ಯಶಾಸ್ತ್ರದ ಗುರುಗಳಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, "ನ್ಯಾಯಾಲಯದಲ್ಲಿ ವಾದಿಸಲು ಜಾಗವಿದೆ, ಆದರೆ ಅಲ್ಲಿಯವರೆಗೆ ಹೋಗುವು‌ದೇ ಶಿಕ್ಷೆ" ಎಂದರು.

ಪಕ್ಕದಲ್ಲಿ ಕುಳಿತ ಆ ಪೊಲೀಸರು ಚೀಲ ಬಿಚ್ಚು ಎಂದಿದ್ದರೆ? 19ನೆಯ ಕಲಮಿನಂತೆ ಆಯುಧ ಒಯ್ಯುವವನಿಂದ ಯಾವ ಪೊಲೀಸು ಅಧಿಕಾರಿಯಾದರೂ ಪರವಾನಗಿಯನ್ನು ಕೇಳಬಹುದು, ತೋರಿಸದಿದ್ದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. 20ನೆಯದು ಇನ್ನೂ ವಿಶಾಲ. ಪರವಾನಗಿ ಇರಲಿ ಬಿಡಲಿ, ಒಯ್ಯುವ ರೀತಿಯೇ ಸಂಶಯಕ್ಕೆ ಎಡೆಗೊಟ್ಟರೆ ವಾರಂಟು ಇಲ್ಲದೆ ಹಿಡಿಯಬಹುದು. ಪೊಲೀಸರಷ್ಟೇ ಅಲ್ಲ, ರೈಲು ಮತ್ತು ಇತರ ವಾಹನಗಳಲ್ಲಿ ಕೆಲಸ ಮಾಡುವವರೂ ಹಿಡಿಯಬಹುದು. ಬೇಸಿಗೆಯಲ್ಲಿ ನಾವೆಲ್ಲ ಧೂಳಿಗಾಗಿ ಮುಖಕ್ಕೆ ಟವೆಲು ಸುತ್ತಿಕೊಂಡು ಗಾಡಿ ಹೊಡೆಯುತ್ತೇವೆ. ಜನವರಿಯ ಆ ಇಬ್ಬರೂ ಮುಖ ಮುಚ್ಚಿಕೊಂಡೇ ಬಂದಿದ್ದರು. ಮುಖಕ್ಕೆ ಟವೆಲು, ಸೊಂಟದಲ್ಲಿ ರಿವಾಲ್ವರು, ಇಬ್ಬರು ಸವಾರರು ಎಂದಾಗ ಪೇದೆಯ ಮನಸ್ಸಿನಲ್ಲಿ ಏನು ಮೂಡೀತು?

ಇನ್ನೊಂದು ಷರತ್ತನ್ನು ಹೇಳಲೇಬೇಕು, ಏಕೆಂದರೆ ಅದು ನಮ್ಮ ಕಾಲೇಜಿಗೇ ಸಂಬಂಧಿಸಿದ್ದು. ವಿಶೇಷ ಅನುಮತಿಯಿಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಭೆಗಳಿಗೆ ಮತ್ತು ವಿದ್ಯಾಸಂಸ್ಥೆಯ ಆವರಣಕ್ಕೆ ಆಯುಧ ತರಕೂಡದೆಂದು ಪರವಾನಗಿಯಲ್ಲಿಯೇ ಬರೆದಿರುತ್ತದೆ. ನನ್ನ ಹಳೆಯ ಟಿಪ್ಪಣಿ ಇಲ್ಲಿ ಉಪಯೋಗಕ್ಕೆ ಬಂತು. 1472ರಲ್ಲಿ ಮಹಮೂದ ಗವಾನನು ಬೀದರಿನಲ್ಲಿ ಕಟ್ಟಿಸಿದ ಮದರಸೆಯು ದೂರದ ದೇಶಗಳ ವಿದ್ವಾಂಸರನ್ನು ಸೆಳೆದಿತ್ತು. ಔರಂಗಜೇಬನ ಕಾಲದಲ್ಲಿ ಅದರ ಕೋಣೆಗಳಲ್ಲಿ ಮದ್ದುಗುಂಡು ತುಂಬಿದರು. 1696ರಲ್ಲಿ ಅದು ಸಿಡಿದು ಮುಂಭಾಗದ ಒಂದು ಮಿನಾರವೂ ಕಟ್ಟಡದ ಒಂದಷ್ಟು ಭಾಗವೂ ನೆಲಸಮವಾದವು. ಉಳಿದ ಒಂದು ಮಿನಾರವನ್ನು ಇಂದಿಗೂ ಕಾಣಬಹುದು. ವಿದ್ಯಾಸಂಸ್ಥೆಯೊಳಗೆ ಆಯುಧ ಬೇಡವೆಂಬ ಷರತ್ತಿಗೆ ಇದಕ್ಕಿಂತ ದೊಡ್ಡ ಟೀಕೆ ಬೇಕಾಗಿಲ್ಲ.

ಚುನಾವಣೆ ಬಂದಾಗ ಪರವಾನಗಿದಾರರು ಆಯುಧಗಳನ್ನು ಠಾಣೆಯಲ್ಲಿ ಇರಿಸುವಂತೆ ಜಿಲ್ಲಾಡಳಿತದ ಆಜ್ಞೆಯಾಗುತ್ತದೆ. ಆಗ ಸಾಹುಕಾರರು ಮುಖ ಚಿಕ್ಕದು ಮಾಡಿಕೊಂಡು ರಿವಾಲ್ವರನ್ನು ಒಪ್ಪಿಸಿ ರಸೀದಿ ತರುವುದನ್ನು ನಾನು ಕಂಡಿದ್ದೇನೆ. ನಮ್ಮ ರಾಜ್ಯದಲ್ಲಿಯೇ ಪರವಾನಗಿಯ ಗೊಡವೆಯಿಲ್ಲದ ಜನರೂ ಇದ್ದಾರೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೋವಿಯನ್ನು ಕೈಲ್ ಪೊಳ್ದಿನಲ್ಲಿ ಪೂಜಿಸುವ ಅವರ ಮನೆಗಳಲ್ಲಿ ಅದು ಹಿರಿಯರಂತೆ ಇರುತ್ತದೆ. ನಮ್ಮ ಕಡೆ ಅದು ಸಾಹುಕಾರರ ತಿಜೋರಿಯಲ್ಲಿ ಇರುತ್ತದೆ.

ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಅಂಗಡಿಯಲ್ಲಿ ಸಾಹುಕಾರರಿಗೆ ಆ ಪುಸ್ತಕವನ್ನು ವಾಕ್ಯ ವಾಕ್ಯವಾಗಿ ಓದಿ ಕನ್ನಡದಲ್ಲಿ ಅರ್ಥ ಹೇಳಿದೆ. ಅವರಿಗೆ ಇಂಗ್ಲಿಷು ಬಾರದು. ಲೆಕ್ಕದ ಚೋಪಡಿಯನ್ನು ಮಾತ್ರ ಕಣ್ಣುಮುಚ್ಚಿ ಓದಬಲ್ಲರು. ಪ್ರದೇಶದ ಅಂಕಣಕ್ಕೆ ಬಂದಾಗ ಅವರು ಎರಡು ಸಲ ಓದಿಸಿದರು. "ಇಷ್ಟು ವರ್ಷದಾಗ ಇದನ್ನ ನಂಗ ಯಾರೂ ಓದಿ ಹೇಳಿಲ್ಲ ನೋಡು ತಮ್ಮಾ" ಎಂದರು. ನಾನು ಚಹದ ಅಂಗಡಿಯ ಸಂಗತಿಯನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅದಾದ ಮೇಲೆ ಉದಗೀರದ ಲೇವಾದೇವಿಯನ್ನು ಬ್ಯಾಂಕಿನ ಮೂಲಕವೇ ಮಾಡತೊಡಗಿದರು. ಬೀದರಿಗೆ ಹೋದಾಗ ಚರ್ಮದ ಒರೆಯೊಂದನ್ನು ಕೊಂಡು ತಂದರು. ಊರೊಳಗಿನ ಓಡಾಟಕ್ಕೆ ರಿವಾಲ್ವರನ್ನು ಇನ್ನೂ ಒಯ್ಯುತ್ತಾರೆ.

ಅಂದು ನಾನು ಓದುವಾಗ ನನ್ನ ತಂದೆ ಮೂಲೆಯಲ್ಲಿ ಚೀಲಗಳ ಬಾಯಿ ಹೊಲಿಯುತ್ತ ಕುಳಿತಿದ್ದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, "ಅವತ್ತ ಆ ಪೊಲೀಸರು ಚೀಲ ನೋಡಿದ್ರ ನಿನ್ನ ನೌಕರಿ ಹೋಗ್ತಿತ್ತೇನು?" ಎಂದು ಕೇಳಿದರು. "ಇನ್ನೂ ಬಂದಿಲ್ಲಲ್ಲಪ್ಪಾ ನೌಕರಿ" ಎಂದೆ. ಅವರು ನಗಲಿಲ್ಲ. ಮರುದಿನ ಅಂಗಡಿಗೆ ಹೋಗಿ, ಇಪ್ಪತ್ತೆರಡು ವರ್ಷಗಳಲ್ಲಿ ಎಂದೂ ಎದುರು ಮಾತಾಡದವರು, ಸಾಹುಕಾರರಿಗೆ ಒಂದೇ ಮಾತು ಹೇಳಿದರಂತೆ: "ಹುಡುಗ ಗಾಡಿ ಹೊಡೀತಾನ್ರಿ. ಚೀಲ ಹಿಡಿಯಂಗಿಲ್ಲ."